ಸೂಜಿ ಚುಚ್ಚಿದ ಮೊದಲ ಎರಡು ತಾಸು

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಸಿಸ್ಟರ್‌ಗಳು, ಲ್ಯಾಬಿನವರು, ವಾರ್ಡ್ ಬಾಯ್‌ಗಳು, ಆಯಾಗಳು, ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಡಾಕ್ಟರರು, ಎಲ್ಲರಿಗೂ ಸಂಬಂಧಪಟ್ಟ ಮಾತಿದು.

ರಾತ್ರಿ ಪಾಳಿ ಮುಗಿಯುತ್ತ ಬಂದಿದೆ. ನಸುಕಿನ ಐದೂವರೆ. ಇನ್ನೂ ಆರೇಳು ರೋಗಿಗಳ ರಕ್ತ ತೆಗೆಯುವುದು ಬಾಕಿ. ಬಲಗೈಯಲ್ಲಿ ಬಳಸಿದ ಸಿರಿಂಜು, ಎಡಗೈಯಲ್ಲಿ ಅದರ ಮುಚ್ಚಳ. ಮುಚ್ಚಲು ಹೋದಾಗ ಮೊನೆ ಜಾರಿ ಹೆಬ್ಬೆರಳಿಗೆ ನಾಟುತ್ತದೆ. ಕೈಗವಸಿನೊಳಗೆ ಸಾಸಿವೆ ಕಾಳಿನಷ್ಟು ರಕ್ತ. "ಏನಾಗಂಗಿಲ್ಲ ಬಿಡವಾ, ಸ್ಪಿರಿಟ್ ಹಚ್ಚಿಕೋ" ಅಂತಾರೆ ಪಕ್ಕದವರು. ಬಹಳ ಕಡೆ ಆ ಸಂಗತಿ ಅಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು; ಆ ಸೂಜಿಯಿಂದ ರೋಗಿಯ ಸೋಂಕು ತಗಲಬಹುದು.

ಸ್ಪಿರಿಟ್ ಬೇಡ, ಅಯೋಡಿನ್ ಬೇಡ. ಗಾಯವನ್ನು ಹಿಂಡಬಾರದು, ಬೆರಳನ್ನು ಬಾಯಲ್ಲಿ ಇಟ್ಟುಕೊಳ್ಳಲೇಬಾರದು. ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ ತೊಳೆಯಬೇಕು, ಅಷ್ಟೇ. ಕಣ್ಣಿಗೆ ರಕ್ತ ಸಿಡಿದಿದ್ದರೆ ಬರೀ ನೀರು ಸಾಕು. ಆಮೇಲೆ ಪಾಳಿ ಮುಗಿಯುವ ತನಕ ಕಾಯದೆ ಡ್ಯೂಟಿ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸು ಎರಡು ತಾಸಿನೊಳಗೆ ಹೊಟ್ಟೆ ಸೇರಿದರೆ ಉತ್ತಮ. 72 ತಾಸು ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದವರು 28 ದಿನ ತಪ್ಪದೆ ನುಂಗಬೇಕು. ರೋಗಿಯ ರಿಪೋರ್ಟ್ ಬರಲಿ ಅಂತ ಮೊದಲ ಡೋಸು ತಡೆಹಿಡಿಯಬೇಡಿ. ಬೇಡವೆಂದು ಗೊತ್ತಾದರೆ ನಾಳೆ ನಿಲ್ಲಿಸಬಹುದು.

ಆದರೆ ಆ ಮಾತ್ರೆ ಎಲ್ಲಿದೆ? ಹಿಂದೆ ಕಿಮ್ಸ್ ಅನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ ಸರ್ಕಾರಿ ಆಸ್ಪತ್ರೆಯಲ್ಲಿ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಸಿಗುತ್ತದೆ, ನಿಜ. ರೋಣದಿಂದಲೋ ಹಿರೇಕೆರೂರಿನಿಂದಲೋ ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಎರಡು ತಾಸು ಮೀರಿರುತ್ತದೆ. ಅದಕ್ಕೇ ಮೊದಲ ಕೆಲವು ದಿನದ ಮಾತ್ರೆ ನಿಮ್ಮ ಆಸ್ಪತ್ರೆಯಲ್ಲೇ ಇರಬೇಕು. ಇದ್ದರೂ ಸಾಲದು. ಮಾತ್ರೆ ಕಪಾಟಿನಲ್ಲಿ, ಕಪಾಟಿನ ಕೀಲಿ ಹಗಲು ಪಾಳಿಯ ಫಾರ್ಮಸಿಸ್ಟ್ ಕಿಸೆಯಲ್ಲಿ, ಅವರು ಮನೆಯಲ್ಲಿ ಮಲಗಿದ್ದಾರೆ. ಎಡವಟ್ಟಾಗುವುದು ಇಲ್ಲಿಯೇ.

ಈ ಮಾತ್ರೆ ಕೊಡುವುದು ಮಾಲೀಕರ ದಯೆಯಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಕಾಯ್ದೆ, ಸೋಂಕು ತಗಲುವ ಅಪಾಯವಿರುವ ಆರೋಗ್ಯ ಸಂಸ್ಥೆಗಳು ಸಿಬ್ಬಂದಿಗೆ ತರಬೇತಿ, ಕೈಗವಸಿನಂಥ ರಕ್ಷಣೆ ಮತ್ತು ಈ ಔಷಧ ಒದಗಿಸಲೇಬೇಕು ಅಂತ ಹೇಳುತ್ತದೆ. ಅದೇ ಕಾಯ್ದೆ ರೋಗಿಯನ್ನೂ ಕಾಯುತ್ತದೆ: ತಿಳಿಸಿ ಒಪ್ಪಿಗೆ ಪಡೆಯದೆ ಅವರ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಸಿಬ್ಬಂದಿಗೆ ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ.

ಜನ ಎಚ್‌ಐವಿಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಹೆಚ್ಚು ಹೆದರಬೇಕಾದದ್ದು ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಕಾಯಿಲೆಗೆ. ಸೋಂಕಿರುವ ರೋಗಿಯ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವುದು ಸುಮಾರು ಸಾವಿರಕ್ಕೆ 3 ಮಂದಿಗೆ; ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ತಗಲುವುದು ನೂರಕ್ಕೆ 6ರಿಂದ 30 ಮಂದಿಗೆ. ಇದಕ್ಕೆ ಮೂರು ಡೋಸಿನ ಲಸಿಕೆ ಇದೆ: ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರಿದಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ಆಸ್ಪತ್ರೆಯ ಹೊಣೆ. ಖರ್ಚನ್ನು ಸಂಬಳದಲ್ಲಿ ಹಿಡಿಯುವುದು ಸರಿಯಲ್ಲ.

ಪ್ರತಿಯೊಬ್ಬರಿಗೂ ಅಂದಾಗ ಕಸದ ಚೀಲ ಎತ್ತುವ ಹೆಣ್ಣುಮಗಳೂ ಬಂದಳು. ಸೂಜಿ ಹೋಗಬೇಕಾದದ್ದು ಮೊನೆ ತೂರದ ಬಿಳಿ ಡಬ್ಬಿಗೆ. ಡಬ್ಬಿ ಬಾಯಿ ತನಕ ತುಂಬಿದೆ, ಬದಲಿಸಿದವರಿಲ್ಲ. ಯಾರೋ ಸೂಜಿಯನ್ನು ಹಳದಿ ಚೀಲಕ್ಕೆ ಹಾಕುತ್ತಾರೆ. ಆಕೆ ಚೀಲ ಎತ್ತಿದಾಗ ಅದು ಮೊಣಕಾಲಿಗೆ ಚುಚ್ಚುತ್ತದೆ. ಯಾವ ರೋಗಿಯ ಸೂಜಿ ಅಂತ ಯಾರಿಗೂ ಗೊತ್ತಿಲ್ಲ. "ಆಕಿ ಕಾಂಟ್ರ್ಯಾಕ್ಟರ್ ಕಡೆಯಾಕಿ" ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಗುತ್ತಿಗೆಯವರ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ವಂತಿಗೆಗೂ ಕಾನೂನು ಮೊದಲು ಕೇಳುವುದು ಆಸ್ಪತ್ರೆಯನ್ನೇ. ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಬದಲಿಸಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಈ ಎರಡು ಅಭ್ಯಾಸದಿಂದಲೇ ಎಷ್ಟೋ ಗಾಯ ತಪ್ಪುತ್ತವೆ.

ಇನ್ನು ಬರವಣಿಗೆ. ಬಯ್ಯುತ್ತಾರೆ ಅಂತ ಸಿಸ್ಟರ್ ಹೇಳುವುದಿಲ್ಲ, ತಪಾಸಣೆಗೆ ಬಂದವರು ಕೇಳಿಯಾರು ಅಂತ ಆಡಳಿತದವರು ಬರೆಯುವುದಿಲ್ಲ. ಇಬ್ಬರಿಗೂ ನಷ್ಟ. ಆಸ್ಪತ್ರೆ, ಲ್ಯಾಬು ಕೆಲಸದಲ್ಲಿ ತಗಲುವ ಸೋಂಕು ಹಳೆಯ ಇಎಸ್‌ಐ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆ ಎಂದೇ ಸೇರಿದೆ. ಆದರೆ ಅದು ಕೆಲಸದಲ್ಲೇ ಬಂತು ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ? ಚುಚ್ಚಿದ ದಿನವೇ ಆಕೆಯ ರಕ್ತ ಪರೀಕ್ಷೆಯಾಗಿ, ಸೋಂಕಿಲ್ಲ ಅಂತ ಬಂದ ರಿಪೋರ್ಟೇ ಆ ಸಾಕ್ಷಿ. ಅದರ ಜೊತೆ ಅಪಘಾತ ಪುಸ್ತಕದಲ್ಲಿ ದಿನಾಂಕ, ವೇಳೆ, ವಾರ್ಡು, ಯಾವ ಕೆಲಸ ಮಾಡುವಾಗ ಚುಚ್ಚಿತು, ಎಂಥ ಸೂಜಿ, ಕೈಗವಸು ಇತ್ತೇ, ಮೊದಲ ಡೋಸು ಎಷ್ಟು ಗಂಟೆಗೆ, ಇಷ್ಟು ಇರಲಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರತಿ ಜೂನ್ 30ರೊಳಗೆ ಕೊಡುವ ವಾರ್ಷಿಕ ವರದಿಯಲ್ಲೂ ಅಪಘಾತದ ವಿವರ ಕೇಳುತ್ತಾರೆ. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ, ತಿಂಗಳಿಗೆ 21,000 ರೂಪಾಯಿ ತನಕ ಸಂಬಳವಿರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ವಂತಿಗೆ ಮಾಲೀಕರದು ಶೇಕಡಾ 3.25, ಕೆಲಸಗಾರರದು 0.75.

ಮತ್ತೆ ರಕ್ತ ಪರೀಕ್ಷೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಅಷ್ಟರಲ್ಲಿ ಎಷ್ಟೋ ಸಿಸ್ಟರ್‌ಗಳು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರುತ್ತಾರೆ. ಅದಕ್ಕೇ ಆ ಮೂರೂ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು, ಅಪಘಾತ ಪುಸ್ತಕದ ಆ ಪುಟದ ಝೆರಾಕ್ಸ್ ಜೊತೆ ಅವತ್ತೇ ಆಕೆಯ ಕೈಗೆ ಕೊಡಿ. ನಮಸ್ಕಾರ.