ಬಾಣಲೆ ಎಸೆದವನು ನಾನೇ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಮನೆಯ ವಿಷಯ ಹೇಳುತ್ತೇನೆ. ನನ್ನ ಮನೆ ಅಲ್ಲ. ಮೂರು ದಿನ ಹಾರೆ ಹಿಡಿದು ನಾನೂ ಇನ್ನೊಂದಿಷ್ಟು ಜನರೂ ಸೇರಿ ಒಳಗಿನದನ್ನೆಲ್ಲ ಕಿತ್ತು ಹಾಕಿದ ಮನೆ.

2006ರ ಮಾರ್ಚ್ ತಿಂಗಳು. ಊರು ಅಮೆರಿಕದ ನ್ಯೂ ಆರ್ಲಿಯನ್ಸ್. ಕತ್ರಿನಾ ಚಂಡಮಾರುತ ಅಲ್ಲಿಗೆ ಅಪ್ಪಳಿಸಿದ್ದು 2005ರ ಆಗಸ್ಟ್ 29ರಂದು. ಅಂದರೆ ಆಗಲೇ ಆರು ತಿಂಗಳು ಕಳೆದಿತ್ತು. ಕೆಲಸದ ಮೇಲೆ ಆ ದೇಶದಲ್ಲಿದ್ದ ನಾನು ಒಂದು ವಾರ ರಜೆ ಹಾಕಿ, ಸ್ವಯಂಸೇವಕರ ಗುಂಪೊಂದರ ವ್ಯಾನು ಹತ್ತಿದೆ. ಇಷ್ಟು ದಿನ ಆಯ್ತಲ್ಲ, ನಮಗೆ ಮಾಡೋಕೆ ಏನಾದರೂ ಉಳಿದಿರುತ್ತಾ ಅಂತ ದಾರಿಯುದ್ದಕ್ಕೂ ಅನುಮಾನ.

ಊರು ಮುಟ್ಟಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಬೀದಿಗೆ ಬೀದಿಯೇ ಖಾಲಿ. ಮನೆಗಳು ನಿಂತಿವೆ, ಒಳಗೆ ಜನ ಇಲ್ಲ. ಎಲ್ಲ ಗೋಡೆಗಳ ಮೇಲೂ ಒಂದೇ ಎತ್ತರಕ್ಕೆ ಕಂದು ಬಣ್ಣದ ಗೆರೆ. ನೀರು ನಿಂತಿದ್ದ ಗುರುತು ಅದು.

ಆ ಊರಿನ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ನೀರು ಒಳಗೆ ಬರದಂತೆ ಏರಿಗಳನ್ನೂ, ಕಾಲುವೆಗಳ ದಂಡೆಗೆ ಗೋಡೆಗಳನ್ನೂ ಕಟ್ಟಿದ್ದರು. ಅವು ಒಡೆದವು. ನಗರದ ಶೇಕಡ 80ರಷ್ಟು ಮುಳುಗಿತು. ಹಲವು ಕಡೆ ನೀರು ವಾರಗಟ್ಟಲೆ ನಿಂತೇ ಇತ್ತು. ಅಲ್ಲಿಯವರ ಎದುರು 'ಪ್ರಕೃತಿ ವಿಕೋಪ' ಅಂದರೆ ಮುಖ ಬಿಗಿಯಾಗುತ್ತಿತ್ತು. ಗಾಳಿ ಪ್ರಕೃತಿಯದು, ನೀರು ಮಾತ್ರ ಮನುಷ್ಯರ ತಪ್ಪಿನಿಂದ ಬಂದದ್ದು ಅನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳೇನಲ್ಲ. ಏರಿಗಳ ವಿನ್ಯಾಸದಲ್ಲೇ ದೋಷ ಇತ್ತು ಅಂತ, ಕಟ್ಟಿಸಿದ ಸೇನಾ ಎಂಜಿನಿಯರುಗಳ ದಳವೇ ಅದೇ ವರ್ಷ ಜೂನ್‌ನಲ್ಲಿ ಒಪ್ಪಿಕೊಂಡಿತು.

ನಮಗೆ ಸಿಕ್ಕಿದ್ದು ಜೆಂಟಿಲಿ ಅನ್ನೋ ಬಡಾವಣೆಯ ಮನೆ. ಬಾಗಿಲ ಮೇಲೆ ಬಣ್ಣದಲ್ಲಿ ದೊಡ್ಡದೊಂದು ಇಂಟು ಗುರುತು. ನೀರು ಬಂದಾಗ ಮನೆ ಮನೆ ಹುಡುಕಿದ ತಂಡಗಳು ಬರೆದು ಹೋಗಿದ್ದು. ಮೇಲೆ ತಾರೀಖು, ಎಡಕ್ಕೆ ತಂಡದ ಹೆಸರು, ಬಲಕ್ಕೆ ಒಳಗೇನಾದರೂ ಅಪಾಯ ಇದ್ದರೆ ಅದು, ಕೆಳಗೆ ಸಿಕ್ಕವರ ಲೆಕ್ಕ. ನಮ್ಮ ಮನೆಗೆ ಸೊನ್ನೆ. ಮೂರು ಮನೆ ಆಚೆ ಒಂದು ಬಾಗಿಲಲ್ಲಿ ಸೊನ್ನೆ ಇರಲಿಲ್ಲ. ಅದರ ಮುಂದೆ ಹಾಯುವಾಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು.

ಮನೆಯೊಡತಿಗೆ ಎಪ್ಪತ್ತು ದಾಟಿರಬೇಕು. ಮಡಚುವ ಕುರ್ಚಿಯೊಂದನ್ನು ತಂದು ರಸ್ತೆ ಬದಿಗೆ ಹಾಕಿಕೊಂಡು ಕೂತರು. ಆ ಊರಲ್ಲಿ ಹೆಂಗಸರು ಗುರುತು ಪರಿಚಯ ಇಲ್ಲದವರನ್ನೂ 'ಬೇಬಿ' ಅಂತಲೇ ಕರೆಯುತ್ತಾರೆ. ನಾನೂ ಬೇಬಿ, ನಮ್ಮ ತಂಡದ ಅರವತ್ತು ವರ್ಷದ ಬಡಗಿಯೂ ಬೇಬಿ.

ಕೆಲಸ ಹೀಗೆ. ಮೊದಲು ಕರೆಂಟು, ಗ್ಯಾಸು ಬಂದ್ ಆಗಿದೆಯಾ ನೋಡಬೇಕು. ಮೈಗೆ ಬಿಳಿ ಪೇಪರಿನಂಥ ಅಂಗಿ, ಕಾಲಿಗೆ ರಬ್ಬರ್ ಬೂಟು, ಮೂಗಿಗೆ ಮಾಸ್ಕ್. ಹತ್ತು ನಿಮಿಷಕ್ಕೆ ಬೆವರಿನಲ್ಲಿ ನೆನೆದು ಹೋಗುತ್ತೀರಿ. ಆಮೇಲೆ ಸಾಮಾನು ಹೊರಗೆ ಹೊರಬೇಕು. ನೀರು ಕುಡಿದ ಸೋಫಾಕ್ಕೆ ನಾಲ್ಕು ಜನ ಬೇಕು. ರಸ್ತೆ ಬದಿಯಲ್ಲಿ ಬೇರೆ ಬೇರೆ ರಾಶಿ: ಫ್ರಿಜ್ಜು ಒಲೆಗಳದ್ದು ಒಂದು, ಬಣ್ಣ ಕೀಟನಾಶಕಗಳದ್ದು ಒಂದು, ಮರ ಗೋಡೆಗಳದ್ದು ಇನ್ನೊಂದು.

ಫ್ರಿಜ್ಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆರು ತಿಂಗಳು ಕರೆಂಟಿಲ್ಲದೆ ನಿಂತ ಫ್ರಿಜ್ಜಿನ ಬಾಗಿಲನ್ನು ಯಾವ ಕಾರಣಕ್ಕೂ ತೆಗೆಯಬಾರದು. ಗಟ್ಟಿ ಟೇಪು ಸುತ್ತಿ, ಹಾಗೇ ಹೊತ್ತು ತರಬೇಕು. ನಾವು ಸುತ್ತಿದ್ದು ಒಂದೇ ಸುತ್ತು. ಮೆಟ್ಟಿಲ ಮೇಲೆ ಬಾಗಿಲು ತೆರೆದುಕೊಂಡಿತು. ಮುಂದಿನದು ಬೇಡ ಬಿಡಿ, ಊಟದ ಹೊತ್ತಲ್ಲಿ ಕೇಳುತ್ತಿರುವವರೂ ಇರಬಹುದು. ಅಜ್ಜಿ ಮಾತ್ರ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಾಮಾನು ಮುಗಿದ ಮೇಲೆ ಗೋಡೆ. ಅಲ್ಲಿನ ಮನೆಗಳದ್ದು ಮರದ ಚೌಕಟ್ಟು. ಅದರ ಮೇಲೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಹಲಗೆ ನೀರನ್ನು ಸ್ಪಂಜಿನ ಹಾಗೆ ಎಳೆದುಕೊಳ್ಳುತ್ತದೆ. ನೀರಿನ ಗೆರೆ ನನ್ನ ಭುಜದ ಎತ್ತರಕ್ಕಿತ್ತು, ಕಪ್ಪು ಬೂಷ್ಟು ಚಾವಣಿಯವರೆಗೂ ಹತ್ತಿತ್ತು. ಹಾಗಾಗಿ ಅಷ್ಟನ್ನೂ ಕೀಳಬೇಕು. ಬರೀ ಮರದ ಕಂಬಗಳು ಉಳಿಯಬೇಕು, ಅವು ಒಣಗಬೇಕು, ಆಮೇಲೆ ಹೊಸ ಗೋಡೆ. ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಅದು ಮತ್ತೆ ಹೊರಗೆ ಬರುತ್ತದೆ. ದುಡ್ಡು ಕೊಟ್ಟು ಮಾಡಿಸಿದರೆ ಈ ಕೆಲಸಕ್ಕೆ ಸಾವಿರಾರು ಡಾಲರ್. ಅದಕ್ಕೇ ನಮ್ಮಂಥ ಬಿಟ್ಟಿ ಆಳುಗಳಿಗೆ ಅಷ್ಟು ಬೇಡಿಕೆ.

ಒಡೆಯೋದರಲ್ಲಿ ಒಂದು ಅಮಲಿದೆ. ಹಾರೆ ತೂರಿಸಿ ಎಳೆದರೆ ಇಡೀ ಹಲಗೆ ದಡಕ್ ಅಂತ ಕಿತ್ತು ಬರುತ್ತದೆ. ಕಾಲೇಜು ಹುಡುಗರಂತೂ ಪಂದ್ಯ ಕಟ್ಟಿಕೊಂಡು ಒಡೆಯುತ್ತಿದ್ದರು. ನಾನೇನು ಕಮ್ಮಿ ಇರಲಿಲ್ಲ. ಹೊರಗೊಬ್ಬರು ಕೂತು, ತಮ್ಮ ಮನೆ ತಳ್ಳುಗಾಡಿಯಲ್ಲಿ ಬರೋದನ್ನು ಒಂದೊಂದೇ ನೋಡ್ತಾ ಇದ್ದಾರೆ ಅನ್ನೋದು ಆ ಭರದಲ್ಲಿ ಮರೆತೇ ಹೋಗಿತ್ತು.

ಎರಡನೇ ದಿನ ಅಡುಗೆಮನೆ ಖಾಲಿ ಮಾಡುವಾಗ ತುಕ್ಕು ಹಿಡಿದ ಕಬ್ಬಿಣದ ಬಾಣಲೆಯೊಂದು ಕೆಸರಿನಲ್ಲಿ ಸಿಕ್ಕಿತು. ಕೆಂಪಗೆ ಆಗಿಹೋಗಿತ್ತು. ತಗೊಂಡು ಹೋಗಿ ರಾಶಿಗೆ ಎಸೆದೆ. ಅಜ್ಜಿ ಏನೂ ಹೇಳಲಿಲ್ಲ. ಕುರ್ಚಿಯಿಂದ ಎದ್ದರು, ಚಪ್ಪಲಿ ಕಾಲಲ್ಲೇ ಮೊಳೆಗಳ ನಡುವೆ ರಾಶಿ ಹತ್ತೋಕೆ ಹೊರಟರು. ನಾನು ಓಡಿ ಹೋಗಿ ತೆಗೆದುಕೊಟ್ಟೆ. "ಬೇಬಿ, ಇದು ನಮ್ಮಮ್ಮನದು. ಕಬ್ಬಿಣಕ್ಕೆ ನೀರು ಏನೂ ಮಾಡಲ್ಲ" ಅಂದರು. ಅಷ್ಟೇ.

ಆಮೇಲೆ ನಮ್ಮ ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ಯಾವುದೇ ಸಾಮಾನು ಬಂದರೂ ಕುರ್ಚಿಯ ಮುಂದೆ ನಿಲ್ಲಿಸಿ, ಎಸೆಯೋದಾ ಇಡೋದಾ ಅಂತ ಕೇಳೋದು. ನೂರಕ್ಕೆ ತೊಂಬತ್ತು ಸಲ ಕೈಯಾಡಿಸಿ ಎಸೆಯಿರಿ ಅನ್ನುತ್ತಿದ್ದರು. ಕೆಲವನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಎಸೆಯಿರಿ ಅನ್ನುತ್ತಿದ್ದರು. ನಮ್ಮ ಮೇಲ್ವಿಚಾರಕನಿಗೆ ಇದು ಹಿಡಿಸಲಿಲ್ಲ. ವಾರಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಅವನ ಪಟ್ಟಿ. ಅವನದ್ದೂ ತಪ್ಪಲ್ಲ, ಕಾಯುತ್ತಿದ್ದವರು ಎಷ್ಟೋ ಜನ ಇದ್ದರು. ಆದರೂ ಎರಡು ದಿನದ ಕೆಲಸಕ್ಕೆ ಮೂರು ದಿನ ಹಿಡಿದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ನೆರವು ಅಂದ ಕೂಡಲೇ ನಮಗೆ ಕೊಡೋದೇ ನೆನಪಾಗುತ್ತದೆ, ಅಲ್ವಾ? ದುರಂತ ಆದ ಊರಿಗೆಲ್ಲ ಹಳೇ ಬಟ್ಟೆಯ ಮೂಟೆಗಳು ಹೋಗಿ ಬೀಳುತ್ತವೆ. ಅವನ್ನು ಬಿಚ್ಚಿ ಬೇರ್ಪಡಿಸೋಕೇ ಮತ್ತಷ್ಟು ಆಳು ಬೇಕು. ಅಲ್ಲಿಯವರಿಗೆ ಏನು ಬೇಕು ಅಂತ ಕೇಳಿದವರು ಕಮ್ಮಿ. ನಾನೂ ಬಾಣಲೆ ಎಸೆಯೋವರೆಗೆ ಕೇಳಿರಲಿಲ್ಲ.

ಮೂರನೇ ದಿನ ಸಂಜೆ ಗುಡಿಸಿ ಮುಗಿಸಿದೆವು. ಒಳಗೆ ಬರೀ ಕಂಬಗಳ ಸಾಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲು ಕಾಣುತ್ತಿತ್ತು. ಗೋಡೆ ಇಲ್ಲದ್ದರಿಂದ ನಾವೆಲ್ಲ ಕಂಬಗಳ ನಡುವೆ ಓರೆಯಾಗಿ ನುಸುಳಿ ಓಡಾಡುತ್ತಿದ್ದೆವು. ನೋಡಿ ಬನ್ನಿ ಅಂತ ಅಜ್ಜಿಯನ್ನು ಕರೆದೆವು. ಬಾಣಲೆ ಕೈಯಲ್ಲೇ ಇತ್ತು, ಉಕ್ಕಿನ ನಾರು ಹಾಕಿ ಅರ್ಧ ಉಜ್ಜಿದ್ದರು. ಅವರು ನಡುಮನೆ ದಾಟಿ, ಊಟದ ಕೋಣೆಯ ಬಾಗಿಲು ಇದ್ದ ಕಡೆಗೆ ಸುತ್ತಿಕೊಂಡು, ಅಲ್ಲಿಂದ ಅಡುಗೆಮನೆಯ ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಹೋದರು. ಒಲೆ ಇದ್ದ ಜಾಗದಲ್ಲಿ ನಿಂತು ನಮ್ಮನ್ನು ಕರೆದರು. ನಾವೂ ಸುತ್ತಿಕೊಂಡೇ ಹೋದೆವು.

ನಮಸ್ಕಾರ.