ವೀಸಾ ಸ್ಟ್ಯಾಂಪಿಂಗ್ ಚಿಂತೆಯಿಲ್ಲದ ಕೆರಿಬಿಯನ್ ವೀಕೆಂಡ್: ರಾತ್ರಿ ಬೆಳಗುವ ನೀರು ನೋಡೋಕೆ ಯಾವ ದಿನ ಹೋಗಬೇಕು?

[ದೃಶ್ಯ: ಕತ್ತಲ ನೀರು, ದೋಣಿಯ ಹುಟ್ಟು ಬಿದ್ದ ಕಡೆ ನೀಲಿ ಬೆಳಕು]

ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ವೀಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಎಚ್-1ಬಿ ಕೆಲಸದ ವೀಸಾದ ಸ್ಟ್ಯಾಂಪ್ ಅವಧಿ ಮುಗಿದಿದೆ, ದೇಶ ಬಿಟ್ಟು ಹೊರಗೆ ಹೋದ್ರೆ ವಾಪಸ್ ಬರೋದು ಕಷ್ಟ. ಕೆರಿಬಿಯನ್ ದ್ವೀಪ ನೋಡೋಕೆ ದಾರಿ ಇದೆಯಾ?"

ಇದೆ. ಪೋರ್ಟೊ ರಿಕೊ. ಇದು ಅಮೆರಿಕದ್ದೇ ಪ್ರದೇಶ, ಹಾಗಾಗಿ ಮಯಾಮಿಯಿಂದಲೋ ನ್ಯೂಯಾರ್ಕ್‌ನಿಂದಲೋ ಅಲ್ಲಿನ ರಾಜಧಾನಿ ಸ್ಯಾನ್ ವಾನ್‌ಗೆ ಹೋಗೋ ನೇರ ವಿಮಾನ ಡೊಮೆಸ್ಟಿಕ್. ನಿಮ್ಮ ಐ-94, ಅಂದ್ರೆ ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದು ಅನ್ನೋ ದಾಖಲೆ, ಚಾಲ್ತಿಯಲ್ಲಿದ್ರೆ ಸಾಕು. ಆದರೂ ಪಾಸ್‌ಪೋರ್ಟ್, ಐ-94, ಐ-797 (ಎಚ್-1ಬಿ ಅನುಮೋದನೆ ಪತ್ರ) ಮೂರೂ ಕೈಚೀಲದಲ್ಲಿರಲಿ. ವಾಪಸ್ ಬರುವಾಗ ಅಧಿಕಾರಿಗಳು ಕೆಲವೊಮ್ಮೆ ಕೇಳ್ತಾರೆ. ಟಿಕೆಟ್ ಅಗ್ಗ ಅಂತ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಇಳಿದು ಹೋಗೋ ವಿಮಾನ ಹಿಡಿಯಬೇಡಿ, ಬೇರೆ ದೇಶದ ದ್ವೀಪಗಳಲ್ಲಿ ನಿಲ್ಲೋ ಕ್ರೂಸ್ ಹತ್ತಬೇಡಿ. ಅಲ್ಲಿಗೆ ನೀವು ದೇಶ ಬಿಟ್ಟ ಹಾಗೇ ಲೆಕ್ಕ.

ಬೀಚ್, ಹೋಟೆಲ್ ಎಲ್ಲ ನೀವೇ ನೋಡ್ಕೋತೀರಿ. ನಾನು ಹೇಳೋಕೆ ಬಂದಿರೋದು ವಿಯೆಕೆಸ್ ಬಗ್ಗೆ. ಪೋರ್ಟೊ ರಿಕೊದ ಪೂರ್ವಕ್ಕಿರೋ ಪುಟ್ಟ ದ್ವೀಪ. ಅದರ ದಕ್ಷಿಣ ದಂಡೆಯಲ್ಲಿ ಮಸ್ಕೀಟೊ ಬೇ ಅನ್ನೋ ಕೊಲ್ಲಿ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಬೆಳಗುವ ಕೊಲ್ಲಿ ಅಂತ ಗಿನ್ನೆಸ್ ದಾಖಲೆ ಅದರ ಹೆಸರಲ್ಲಿದೆ.

[ದೃಶ್ಯ: ಸೂಕ್ಷ್ಮದರ್ಶಕದಡಿ ದುಂಡನೆಯ ಜೀವಕೋಶ]

ಬೆಳಗೋದು ನೀರಲ್ಲ, ನೀರಲ್ಲಿರೋ ಜೀವ. ಹೆಸರು ಪೈರೊಡಿನಿಯಮ್ ಬಹಾಮೆನ್ಸ್. ಒಂದೇ ಕೋಶದ ಜೀವಿ, ಒಂದು ಮಿಲಿಮೀಟರ್‌ನಲ್ಲಿ ಇಪ್ಪತ್ತನ್ನು ಸಾಲಾಗಿ ಜೋಡಿಸಬಹುದು. ನೀವು ಹುಟ್ಟು ಹಾಕಿದಾಗ ನೀರು ಆ ಕೋಶದ ಪೊರೆಯನ್ನ ಒತ್ತುತ್ತೆ. ಆಗ ಕೋಶದೊಳಗಿನ ಆಮ್ಲದ ಚೀಲದ ಪೊರೆಯುದ್ದಕ್ಕೂ ವಿದ್ಯುತ್ ಸಂಕೇತ ಓಡುತ್ತೆ. ಆ ಚೀಲದಿಂದ ಆಮ್ಲತೆ ತರೋ ಕಣಗಳಾದ ಪ್ರೋಟಾನ್‌ಗಳು ಸಿಂಟಿಲಾನ್ ಅನ್ನೋ ಪುಟಾಣಿ ಗುಳಿಗೆಗಳಿಗೆ ನುಗ್ಗುತ್ತವೆ. ಅಲ್ಲಿಯ ಪಿಎಚ್ (ಆಮ್ಲ-ಕ್ಷಾರದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) 8ರ ಆಸುಪಾಸಿನಿಂದ ಸುಮಾರು 6ಕ್ಕೆ ಇಳಿಯುತ್ತೆ. ಅಷ್ಟಕ್ಕೇ ಕಾಯ್ತಿದ್ದ ಲೂಸಿಫರೇಸ್ ಕಿಣ್ವ ಎಚ್ಚರಗೊಂಡು ಲೂಸಿಫೆರಿನ್ ಅನ್ನೋ ಬೆಳಕು ಕೊಡುವ ಅಣುವನ್ನ ಆಮ್ಲಜನಕದ ಜೊತೆ ಸೇರಿಸುತ್ತೆ. ಬೆಳಕು ಬರುತ್ತೆ, ಸೆಕೆಂಡಿನ ಹತ್ತನೇ ಒಂದು ಭಾಗ.

ಇಲ್ಲಿ ಒಂದು ನಿಮಿಷ ನಿಲ್ತೀನಿ, ಯಾಕಂದ್ರೆ ಈ ರಸಾಯನಶಾಸ್ತ್ರ ನಮ್ಮ ಮನೆಯಲ್ಲೇ ಇದೆ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕ್ತಾರಲ್ಲ? ಕಣ್ಣೆದುರೇ ಕೆಂಪಾಗುತ್ತೆ. ಬಣ್ಣ ಯಾರೂ ಬೆರೆಸಿಲ್ಲ. ಸುಣ್ಣ ಕ್ಷಾರ, ನೀರಿನ ಪಿಎಚ್ ಏರಿತು, ಅರಿಶಿನದ ಅಣು ಬಣ್ಣ ಬದಲಿಸಿತು. ಈ ಜೀವಿ ಅದೇ ಕೆಲಸವನ್ನ ಉಲ್ಟಾ ಮಾಡುತ್ತೆ. ಪಿಎಚ್ ಇಳಿಸುತ್ತೆ, ಬಣ್ಣದ ಬದಲು ಬೆಳಕು ಪಡೆಯುತ್ತೆ, ಮರುಕ್ಷಣವೇ ಮೊದಲಿನ ಸ್ಥಿತಿಗೆ ಬರುತ್ತೆ. ಲೀಟರ್‌ಗೆ ಲಕ್ಷದ ಲೆಕ್ಕದಲ್ಲಿ ಇವು ಇರೋದ್ರಿಂದ ಓಡಿಹೋದ ಮೀನಿನ ದಾರಿ ಕೂಡ ನೀಲಿ ಗೆರೆಯಾಗಿ ಕಾಣುತ್ತೆ. ಹಗಲಲ್ಲಿ ಕೈ ಆಡಿಸಿದ್ರೆ ಏನೂ ಇಲ್ಲ. ಒಳಗಿನ ಗಡಿಯಾರ ನೋಡಿಕೊಂಡು ಇವು ರಾತ್ರಿ ಮಾತ್ರ ಬೆಳಗುತ್ತವೆ.

ಇದೇ ಕೊಲ್ಲಿಯಲ್ಲಿ ಇಷ್ಟೊಂದು ಯಾಕೆ? ಕೊಲ್ಲಿಯ ಬಾಯಿ ಕಿರಿದು, ಇವು ಸಮುದ್ರಕ್ಕೆ ಕೊಚ್ಚಿಹೋಗಲ್ಲ. ಸುತ್ತಲಿನ ಕೆಂಪು ಕಾಂಡ್ಲಾ ಗಿಡಗಳ ಎಲೆ ಕೊಳೆತು ಆಹಾರ ಸಿಗುತ್ತೆ. ನೀರು ಆಳವಿಲ್ಲ, ಬೆಚ್ಚಗಿರುತ್ತೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಈ ಸಮತೋಲನ ಕೆಡಿಸಿದಾಗ ಕೊಲ್ಲಿ ತಿಂಗಳುಗಟ್ಟಲೆ ಕತ್ತಲಾಗಿತ್ತು. ಜೋರು ಮಳೆ ಬಂದ ಮಾರನೇ ದಿನ ಕೂಡ ಬೆಳಕು ಮಂಕು.

[ದೃಶ್ಯ: ಗೋಡೆಗೆ ನೇತುಹಾಕಿದ ಕನ್ನಡ ಕ್ಯಾಲೆಂಡರ್]

ಜನ ನಿರಾಶರಾಗೋದು ಹೆಚ್ಚಾಗಿ ಚಂದ್ರನಿಂದ. ಬೆಳದಿಂಗಳಲ್ಲಿ ಈ ಬೆಳಕು ಕಣ್ಣಿಗೆ ಕಾಣಲ್ಲ. "ಅಮಾವಾಸ್ಯೆಗೆ ಹೋಗಿ" ಅಂತ ಎಲ್ಲರೂ ಹೇಳ್ತಾರೆ, ಆದರೆ ಆ ದಿನಗಳ ಟಿಕೆಟ್ ಮೊದಲೇ ಖಾಲಿ. ನಿಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಇದಕ್ಕೆ ಉತ್ತರ ಇದೆ: ಸಂಕಷ್ಟಿ ನೋಡಿ. ಅವತ್ತು ಚಂದ್ರೋದಯ ರಾತ್ರಿ 9ರ ಹೊತ್ತಿಗೆ. ಮುಂದೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗ್ತಾ ಹೋಗುತ್ತೆ. ಅಂದ್ರೆ ಸಂಕಷ್ಟಿಯ ಮಾರನೇ ದಿನದಿಂದ ಅಮಾವಾಸ್ಯೆವರೆಗೆ, ಸಂಜೆಯ ಮೊದಲ ದೋಣಿ ಹಿಡಿದ್ರೆ ನಿಮಗೆ ಪೂರ್ತಿ ಕತ್ತಲೆ. ಬೆಂಗಳೂರಿನ ಚಂದ್ರೋದಯದ ಸಮಯಕ್ಕೆ ಸುಮಾರು 20 ನಿಮಿಷ ಸೇರಿಸಿದ್ರೆ ಅದೇ ತಾರೀಖಿನ ಪೋರ್ಟೊ ರಿಕೊದ ಲೆಕ್ಕ ಸಿಗುತ್ತೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ 7 ಗಂಟೆಗೆ, ಆಗ ಇನ್ನೊಂದು ದಿನ ಬಿಟ್ಟು ಹೋಗಿ. ಶುಕ್ಲಪಕ್ಷದ ಅಷ್ಟಮಿಯಿಂದ ಹುಣ್ಣಿಮೆವರೆಗೆ ಮಾತ್ರ ಬೇಡವೇ ಬೇಡ. ಕತ್ತಲಾಗೋ ಮುಂಚೆಯೇ ಚಂದ್ರ ಮೇಲಿರ್ತಾನೆ.

ಈಗ ವೀಕೆಂಡ್ ಹೀಗೆ ಜೋಡಿಸಿ. ಶುಕ್ರವಾರ ರಾತ್ರಿ ಸ್ಯಾನ್ ವಾನ್. ಶನಿವಾರ ಬೆಳಿಗ್ಗೆ ಸೇಬಾ ಫೆರಿ ಟರ್ಮಿನಲ್, ಕಾರಿನಲ್ಲಿ ಒಂದು ಗಂಟೆ ಮೇಲೆ. ಫೆರಿ ಟಿಕೆಟ್ ಸುಮಾರು 2 ಡಾಲರ್, ಪಯಣ ಅರ್ಧ ಗಂಟೆ. ದ್ವೀಪದ ನಿವಾಸಿಗಳಿಗೆ ಮೊದಲ ಆದ್ಯತೆ, ಅದು ನ್ಯಾಯವೂ ಹೌದು. ಆದ್ದರಿಂದ ಆನ್‌ಲೈನ್‌ನಲ್ಲಿ ಮುಂಚೆಯೇ ತಗೊಂಡು ಒಂದು ಗಂಟೆ ಮೊದಲೇ ಹೋಗಿ. ಸಿಗಲಿಲ್ಲ ಅಂದ್ರೆ ಸೇಬಾದಿಂದಲೇ ಸಣ್ಣ ವಿಮಾನ ಇದೆ. ಲಗೇಜ್ ಜೊತೆ ನಿಮ್ಮ ತೂಕವನ್ನೂ ಕೇಳ್ತಾರೆ.

ಬಾಡಿಗೆ ಕಾರನ್ನ ಫೆರಿಗೆ ಹತ್ತಿಸೋಕೆ ಬಾಡಿಗೆ ಕಂಪನಿಗಳು ಒಪ್ಪಲ್ಲ. ಟರ್ಮಿನಲ್‌ನಲ್ಲೇ ಪಾರ್ಕ್ ಮಾಡಿ, ವಿಯೆಕೆಸ್‌ನಲ್ಲಿ ಬೇರೆ ಗಾಡಿ ಮೊದಲೇ ಗೊತ್ತು ಮಾಡಿ. ಇಲ್ಲವಾದ್ರೆ ಪೂಬ್ಲಿಕೊ ಅನ್ನೋ ಶೇರ್ ವ್ಯಾನ್ ಹತ್ತಿ: ಫೆರಿ ನಿಲ್ಲೋದು ಉತ್ತರದ ಇಸಬೆಲ್ ಸೆಗುಂಡಾದಲ್ಲಿ, ಕೊಲ್ಲಿಯ ದೋಣಿಗಳು ಸಿಗೋದು ದಕ್ಷಿಣದ ಎಸ್ಪೆರಾನ್ಸಾದಲ್ಲಿ. ರಾತ್ರಿ ನಿಧಾನಕ್ಕೆ ಓಡಿಸಿ, ರಸ್ತೆ ತುಂಬ ಬಿಡಾಡಿ ಕುದುರೆಗಳು. ದೋಣಿ ಮುಗಿಯೋ ಹೊತ್ತಿಗೆ ವಾಪಸ್ ಫೆರಿ ನೆಚ್ಚಿಕೊಳ್ಳೋಕಾಗಲ್ಲ, ಎಸ್ಪೆರಾನ್ಸಾದಲ್ಲೇ ತಂಗಿ.

ಮಧ್ಯಾಹ್ನ ಕರಾಕಸ್ ಬೀಚ್. ಅದರ ಸುತ್ತ ಬೇಲಿ ಹಾಕಿ ಮುಚ್ಚಿರೋ ಜಾಗಗಳಿಗೆ ಕಾಲಿಡಬೇಡಿ. 2003ರವರೆಗೆ ಅಮೆರಿಕದ ನೌಕಾಪಡೆ ಈ ದ್ವೀಪದ ಮೇಲೆ ಬಾಂಬ್ ಅಭ್ಯಾಸ ಮಾಡ್ತಿತ್ತು, ಸಿಡಿಯದೆ ಉಳಿದದ್ದು ಇನ್ನೂ ಇದೆ. ಜನ ವರ್ಷಗಟ್ಟಲೆ ಹೋರಾಡಿ ಅದನ್ನ ನಿಲ್ಲಿಸಿದ್ರು.

ಸಂಜೆ ಸ್ನಾನ ಮಾಡಿ ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಪೂರ್ತಿ ತೊಳೆಯಿರಿ; ಅದರ ರಾಸಾಯನಿಕ ಈ ಜೀವಿಗಳಿಗೆ ವಿಷ. ತುಂಬುತೋಳಿನ ಅಂಗಿ ಹಾಕ್ಕೊಳ್ಳಿ. ಕೊಲ್ಲಿಯಲ್ಲಿ ಈಜು ನಿಷೇಧ, ಅದೂ ಇದೇ ಕಾರಣಕ್ಕೆ. ತಳ ಪಾರದರ್ಶಕವಾಗಿರೋ ಕಯಾಕ್ ಆರಿಸಿ. ಫೋನ್ ರೂಮಲ್ಲೇ ಇರಲಿ: ಅಲುಗಾಡೋ ದೋಣಿಯಿಂದ ಫೋಟೊ ಬರಲ್ಲ, ಕತ್ತಲಿಗೆ ಕಣ್ಣು ಹೊಂದೋಕೆ 20 ನಿಮಿಷ ಬೇಕು, ಒಮ್ಮೆ ಸ್ಕ್ರೀನ್ ನೋಡಿದ್ರೆ ಮತ್ತೆ ಮೊದಲಿಂದ.

ಸಮಯ ಮೀರ್ತಿದೆ, ಉಳಿದದ್ದು ಬೇಗ ಬೇಗ. ಸಸ್ಯಾಹಾರಿಗಳೇ, ಮೊಫೊಂಗೊ ಅಂದ್ರೆ ಕರಿದ ಬಾಳೆಕಾಯಿಯನ್ನ ಬೆಳ್ಳುಳ್ಳಿ ಜೊತೆ ಕುಟ್ಟಿದ್ದು, ಆದರೆ ಹಂದಿಮಾಂಸದ ಚೂರು ಸೇರಿಸ್ತಾರೆ. ಬೀನ್ಸ್ ಕಾಳಿನ ಸಾರಿನಲ್ಲೂ ಹ್ಯಾಮ್ ಇರಬಹುದು. ಕೇಳಿಯೇ ತಿನ್ನಿ, ತೊಸ್ತೋನೆಸ್ ಆದ್ರೆ ಬರೀ ಬಾಳೆಕಾಯಿ. ಭಾನುವಾರ ಬೆಳಗಿನ ಫೆರಿ ಹಿಡಿದ್ರೆ ಹಳೇ ಸ್ಯಾನ್ ವಾನ್‌ನ ಎಲ್ ಮೊರೊ ಕೋಟೆಗೆ ಅರ್ಧ ದಿನ ಸಿಗುತ್ತೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಇನ್ನು, ವಾಪಸ್ ವಿಮಾನ ಹತ್ತೋ ಮುಂಚೆ ಕೃಷಿ ಇಲಾಖೆಯವರು ಲಗೇಜ್ ಸ್ಕ್ಯಾನ್ ಮಾಡ್ತಾರೆ. ಮಾವಿನಹಣ್ಣನ್ನ ಅಲ್ಲೇ ತಿಂದು ಮುಗಿಸಿ, ಚೀಲದಲ್ಲಿ ಹಾಕಬೇಡಿ.