ಪ್ಯಾರಾಚೂಟ್ ಮಡಚೋದ್ರಲ್ಲಿ ಯಾವುದು ಅಭಿಪ್ರಾಯ, ಯಾವುದು ಅಲ್ಲ?

[ದೃಶ್ಯ: ದೂರದಲ್ಲಿ ಚಾಮುಂಡಿ ಬೆಟ್ಟ, ಮೇಲೆ ಬಣ್ಣದ ಪ್ಯಾರಾಚೂಟ್ ನಿಧಾನವಾಗಿ ತಿರುಗ್ತಾ ಇಳೀತಿದೆ]

ನಮಸ್ಕಾರ. ದಸರಾ ಟೈಮಲ್ಲಿ ಬನ್ನಿಮಂಟಪದ ಏರ್ ಶೋ ನೋಡಿದವರಿಗೆ ವಾಯುಪಡೆಯ ಪ್ಯಾರಾಚೂಟ್ ತಂಡ ಆಕಾಶಗಂಗಾ ನೆನಪಿರುತ್ತೆ. ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮೇಲೇರಿ ಟ್ಯಾಂಡಮ್ ಜಂಪ್, ಅಂದ್ರೆ ಇನ್‌ಸ್ಟ್ರಕ್ಟರ್‌ಗೆ ಕಟ್ಟಿಕೊಂಡು ಹಾರೋ ಜಂಪ್, ಮಾಡಿ ಬಂದ ಮೈಸೂರಿನವರೂ ಇದ್ದಾರೆ. ಆ ವಿಡಿಯೋಗಳಲ್ಲಿ ವಿಮಾನದ ಬಾಗಿಲು, ಮೋಡ, ಕಿರುಚಾಟ ಎಲ್ಲಾ ಕಾಣುತ್ತೆ. ಅದಕ್ಕೂ ಮುಂಚೆ ಒಬ್ಬರು ನೆಲದ ಮೇಲೆ ಮಂಡಿಯೂರಿ ಕೂತು ಆ ಬಟ್ಟೆ ಮಡಚಿದ್ದು ಮಾತ್ರ ಕಾಣಲ್ಲ. ಇವತ್ತಿನ ವಿಡಿಯೋ ಅದರ ಬಗ್ಗೆ.

ಸ್ಕೈಡೈವರ್‌ಗಳು ಸೇರಿದ ಕಡೆ ಈ ಮಡಚೋ ವಿಷಯ ಬಂತು ಅಂದ್ರೆ ವಾದ ಶುರು. ಮುಂಭಾಗ ಸುತ್ತಬೇಕಾ, ಬೇಡ್ವಾ? ರಬ್ಬರ್ ಬ್ಯಾಂಡ್ ಒಂದು ಸುತ್ತಾ, ಎರಡು ಸುತ್ತಾ? ಯಾವ ದಾರ ಒಳ್ಳೇದು? ಕೇಳೋಕೆ ಚೆನ್ನಾಗಿರುತ್ತೆ, ಕಲಿಯೋದೂ ಇರುತ್ತೆ. ಆದ್ರೆ ಹೊಸಬರಿಗೆ ಒಂದು ಅಪಾಯ ಇದೆ. ಯಾವುದು ಅವರವರ ರೂಢಿ, ಯಾವುದು ಚರ್ಚೆಗೇ ಬಿಡಬಾರದ ವಿಷಯ ಅಂತ ಗೊತ್ತಾಗಲ್ಲ. ಎರಡನ್ನೂ ಅಷ್ಟೇ ಧೈರ್ಯವಾಗಿ ಹೇಳ್ತಾರೆ ನೋಡಿ, ಅದಕ್ಕೆ.

ಮೊದಲು ಬೆನ್ನ ಮೇಲೆ ಏನಿರುತ್ತೆ ಅನ್ನೋದನ್ನ ನೋಡೋಣ. ಒಂದೇ ಚೀಲ, ಒಳಗೆ ಎರಡು ಪ್ಯಾರಾಚೂಟ್. ಕೆಳಗಡೆ ಮೇನ್, ಮೇಲ್ಗಡೆ ಮೇನ್ ಕೈಕೊಟ್ರೆ ಬಳಸೋ ರಿಸರ್ವ್. ಮೇನ್ ಪ್ರತಿ ಜಂಪ್‌ಗೂ ತೆರೆಯುತ್ತೆ, ಪ್ರತಿ ಸಲ ಮತ್ತೆ ಮಡಚಬೇಕು. ಕೈ ಪಳಗಿದ ಪ್ಯಾಕರ್‌ಗೆ ಹತ್ತು ನಿಮಿಷದ ಕೆಲಸ. ರಿಸರ್ವ್ ಹಾಗಲ್ಲ. ಅದನ್ನ ಮಡಚೋದಕ್ಕೆ ಪರವಾನಗಿ ಇರೋ ರಿಗ್ಗರ್, ಅಂದ್ರೆ ಪ್ಯಾರಾಚೂಟ್ ಪರೀಕ್ಷಿಸಿ ಮಡಚೋ ತಂತ್ರಜ್ಞ, ಬೇಕು. ಪರೀಕ್ಷೆನೂ ಸೇರಿಸಿ ಗಂಟೆಗಟ್ಟಲೆ ಹಿಡಿಯುತ್ತೆ. ಮಡಚಿದ ಮೇಲೆ ಅದನ್ನ ತೆರೆಯೋ ಸಂದರ್ಭವೇ ಬರದಿದ್ರೆ ಎಲ್ಲರಿಗೂ ಖುಷಿ.

ನನ್ನ ಮಾತು ಇಷ್ಟೇ: ಮೇನ್ ಮಡಚೋದ್ರಲ್ಲಿ ಅಭಿಪ್ರಾಯಕ್ಕೆ ಸಾಕಷ್ಟು ಜಾಗ ಇದೆ. ರಿಸರ್ವ್‌ನಲ್ಲಿ ಒಂದಿಷ್ಟೂ ಇಲ್ಲ. ಇನ್ನು ಮೇನ್‌ನಲ್ಲೇ ನಾಲ್ಕೈದು ಕಡೆ ಇದಾವೆ, ಅಲ್ಲೂ ಇಲ್ಲ.

[ದೃಶ್ಯ: ನೆಲದ ಮೇಲೆ ಹಾಸಿದ ಟಾರ್ಪಾಲ್, ಅದರ ಮೇಲೆ ಪ್ಯಾರಾಚೂಟ್, ಹತ್ತಿರದಿಂದ ಕೈಗಳು]

ಮೇನ್ ಮಡಚೋದನ್ನ ಹತ್ತಿರದಿಂದ ನೋಡೋಣ. ಪ್ಯಾಕರ್ ಎಲ್ಲಾ ದಾರಗಳನ್ನ ಹೆಗಲ ಮೇಲೆ ಹಾಕ್ಕೊಂಡು ನಿಂತು, ಬುಡದಿಂದ ತುದಿವರೆಗೂ ಒಂದಕ್ಕೊಂದು ಸಿಕ್ಕಾಕ್ಕೊಂಡಿಲ್ಲ ಅಂತ ನೋಡ್ತಾನೆ. ಆಮೇಲೆ ಬಟ್ಟೆಯ ಕೋಶಗಳನ್ನ ಒಂದೊಂದಾಗಿ ಎಣಿಸಿ ಮುಂಭಾಗ ಜೋಡಿಸ್ತಾನೆ. ಈಗಿನ ಚೌಕಾಕಾರದ ಪ್ಯಾರಾಚೂಟ್ ಅಂದ್ರೆ ನಿಜವಾಗಿ ಒಂದು ರೆಕ್ಕೆ. ಡೊಮಿನಾ ಜಾಲ್ಬರ್ಟ್ ಅನ್ನೋರು 1960ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಮುಂಭಾಗದ ಬಾಯಿಗಳಿಂದ ಗಾಳಿ ನುಗ್ಗಿ, ಒಳಗೆ ಒತ್ತಡ ಹುಟ್ಟಿ ಆಕಾರ ಬರುತ್ತೆ. ಆ ಬಾಯಿಗಳನ್ನ ಒಳಕ್ಕೆ ಸುತ್ತಿ ಇಟ್ರೆ ನಿಧಾನವಾಗಿ ತೆರೆಯುತ್ತೆ ಅಂತ ಕೆಲವರು, ಸುತ್ತಿದ್ರೆ ಒಂದು ಕಡೆ ಮೊದಲು ತುಂಬಿ ಪಕ್ಕಕ್ಕೆ ತಿರುಗುತ್ತೆ ಅಂತ ಇನ್ನು ಕೆಲವರು.

ಇದು ಅಭಿಪ್ರಾಯದ ಜಾಗ. ನಿಮ್ಮ ಪ್ಯಾರಾಚೂಟ್ ತಯಾರಿಸಿದ ಕಂಪನಿಯ ಕೈಪಿಡಿ ಏನು ಹೇಳುತ್ತೆ ನೋಡಿ, ಅದರಂತೆ ಮಾಡಿ. ಪಕ್ಕದವನ ಪ್ಯಾರಾಚೂಟ್‌ಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗದೇ ಇರಬಹುದು.

ಸ್ಲೈಡರ್ ವಿಷಯ ಹಾಗಲ್ಲ. ನಾಲ್ಕು ಮೂಲೆಗೆ ಉಂಗುರ ಇರೋ ಚಿಕ್ಕ ಬಟ್ಟೆ ತುಂಡು ಅದು, ದಾರಗಳು ಆ ಉಂಗುರಗಳ ಒಳಗಿಂದ ಹೋಗುತ್ತೆ. ಮಡಚುವಾಗ ಅದು ಮೇಲೆ, ಬಟ್ಟೆಗೆ ತಾಗೋ ಹಾಗೆ, ಇನ್ನೂ ಮೇಲೆ ಹೋಗದಂತೆ ಹಿಡಿಯೋ ತಡೆಗಳಿಗೆ ಒತ್ತಿಕೊಂಡಿರಬೇಕು. ತೆರೆಯುವಾಗ ಗಾಳಿ ಅದನ್ನ ಮೇಲೆ ತಳ್ಳಿ ಹಿಡಿಯುತ್ತೆ, ರೆಕ್ಕೆ ಒಂದೇ ಏಟಿಗೆ ಬಿಚ್ಚಿಕೊಳ್ಳದ ಹಾಗೆ ತಡೆಯುತ್ತೆ. ಅದೇನಾದ್ರೂ ಕೆಳಗೆ ಜಾರಿಹೋಗಿದ್ರೆ, ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳ್ತಿರೋ ಮನುಷ್ಯನಿಗೆ ಬೀಳೋ ಜಗ್ಗು ಕುತ್ತಿಗೆ ಮುರಿಯೋವಷ್ಟು ಇರಬಹುದು. ಇಲ್ಲಿ ಯಾರ ರೂಢಿಯೂ ಲೆಕ್ಕಕ್ಕಿಲ್ಲ.

ಇನ್ನೊಂದು ಅಂಥದ್ದೇ ಜಾಗ, ಪೈಲಟ್ ಚೂಟ್. ಇದು ಜಂಪರ್ ಕೈಯಿಂದ ಗಾಳಿಗೆ ಎಸೆಯೋ ಪುಟ್ಟ ಚೂಟ್. ಅದು ಗಾಳಿ ಹಿಡಿದು, ಬೆನ್ನ ಚೀಲ ಮುಚ್ಚಿರೋ ಪಿನ್ ಎಳೆದು ಮೇನ್ ಅನ್ನು ಹೊರಗೆ ತರುತ್ತೆ. ಮೇನ್ ತೆರೆದ ಮೇಲೆ ಅದು ಸುಮ್ಮನೆ ಹಿಂದೆ ಎಳೀತಾ ಇರಬಾರದು ಅಂತ, ಒಳಗಿರೋ ಒಂದು ದಾರ ಅದನ್ನ ಮುದುಡಿಸಿಬಿಡುತ್ತೆ. ಮತ್ತೆ ಮಡಚುವಾಗ ಆ ದಾರವನ್ನ ಎಳೆದು ಚೂಟ್‌ಗೆ ಮೊದಲಿನ ಆಕಾರ ಕೊಡಬೇಕು. ಮರೆತ್ರೆ? ಮೇಲೆ ಹೋಗಿ ಎಸೆದಾಗ ಅದು ಒದ್ದೆ ಕರ್ಚೀಫ್ ಥರ ಹಿಂದೆ ಪಟಪಟ ಅಂತಿರುತ್ತೆ, ಏನೂ ತೆರೆಯಲ್ಲ.

[ದೃಶ್ಯ: ಪಟ್ಟಿಯಲ್ಲಿರೋ ಸಣ್ಣ ಕಿಂಡಿ, ಒಳಗೆ ಬಣ್ಣದ ದಾರ]

ಪೈಲಟ್ ಚೂಟನ್ನ ಮೇನ್‌ಗೆ ಜೋಡಿಸೋ ಈ ಪಟ್ಟಿಯಲ್ಲಿ ಒಂದು ಸಣ್ಣ ಕಿಂಡಿ ಕಾಣ್ತಿದೆಯಲ್ಲ, ಅದು ಇದಕ್ಕೇ ಇರೋದು. ಆಕಾರ ಸರಿಯಾಗಿ ಕೂತಿದ್ರೆ ಬಣ್ಣದ ದಾರ ಇಲ್ಲಿ ಇಣುಕುತ್ತೆ, ಇಲ್ಲಾಂದ್ರೆ ಇಲ್ಲ. ವಿಮಾನ ಹತ್ತೋ ಮುಂಚೆ ಗೆಳೆಯನ ಬೆನ್ನಿನ ಈ ಕಿಂಡಿ ನೋಡಿ, "ಮಗಾ, ಬಣ್ಣ ಕಾಣ್ತಿದೆ ಕಣೋ" ಅಂತ ಹೇಳೋದು ಅವನಿಗೆ ಮಾಡಬಹುದಾದ ದೊಡ್ಡ ಉಪಕಾರ.

ರಬ್ಬರ್ ಬ್ಯಾಂಡ್ ಬಗ್ಗೆಯೂ ಒಂದು ಮಾತು. ಮಡಚಿದ ಮೇನ್ ಅನ್ನು ಮೊದಲು ಒಂದು ಒಳಚೀಲಕ್ಕೆ ತುಂಬ್ತಾರೆ; ದಾರಗಳನ್ನ ಆ ಚೀಲದ ಮೇಲೆ ಮಡಿಕೆ ಮಡಿಕೆಯಾಗಿ ಹಿಡಿದಿಡೋದು ಮಾಮೂಲಿ ರಬ್ಬರ್ ಬ್ಯಾಂಡ್. ಇಷ್ಟು ದುಬಾರಿ ಸಾಮಾನಿನಲ್ಲಿ ಇಷ್ಟು ಅಗ್ಗದ್ದು ಯಾಕೆ ಅಂತ ಅನ್ಸುತ್ತೆ. ಅದು ಬೇಕಾದಾಗ ಹರೀಬೇಕು, ಅದಕ್ಕೇ ಅದು. ದಾರ ಸಿಕ್ಕಾಕ್ಕೊಂಡ್ರೆ ಬ್ಯಾಂಡ್ ಹರಿದು ಚೀಲ ಬಿಚ್ಚಿಕೊಳ್ಳಲಿ ಅಂತ. ಆದ್ರೆ ಚೀಲದ ಬಾಯಿ ಮುಚ್ಚೋ ಬ್ಯಾಂಡ್‌ಗಳು ಬಿಗಿಯಾಗೇ ಇರಬೇಕು. ಸಡಿಲ ಇದ್ರೆ ದಾರ ಪೂರ್ತಿ ನೀಳವಾಗೋ ಮುಂಚೆನೇ ಬಟ್ಟೆ ಹೊರಗೆ ಚೆಲ್ಲಿ, ಜೋರಾಗಿ ಜಗ್ಗುತ್ತೆ. ಜಾಸ್ತಿ ಬಾಳಿಕೆ ಬರುತ್ತೆ ಅಂತ ಹರಿಯದ ಬ್ಯಾಂಡ್ ಹಾಕೋ ಯೋಚನೆ ನನಗಂತೂ ಒಪ್ಪಿಗೆಯಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಜಗಳ ಆಗೋ ವಿಷಯ. "ಇವತ್ತು ಭಾರಿ ಜಗ್ಗಿತು ಸರ್, ಪ್ಯಾಕಿಂಗ್ ಸರಿ ಮಾಡಿಲ್ಲ." ಜಗ್ಗಿದ ತಕ್ಷಣ ಪ್ಯಾಕರ್ ಮೇಲೆ ತಪ್ಪು ಹೊರಿಸೋದು ಎಲ್ಲಾ ಕಡೆ ಇದೆ. ಕೆಲವು ಸಲ ಅದು ನಿಜ. ಜಂಪರ್ ವೇಗ ತಗ್ಗಿಸದೇ, ತಲೆ ಕೆಳಗಾಗಿ ಬೀಳ್ತಾ ಪೈಲಟ್ ಚೂಟ್ ಎಸೆದಿದ್ರೂ ಹಾಗೇ ಆಗುತ್ತೆ. ಮೂರನೇ ಕಾರಣ ಒಂದಿದೆ, ಅದನ್ನ ಹೇಳೋರು ಕಮ್ಮಿ. ದಾರ ಕುಗ್ಗಿರುತ್ತೆ.

ತುಂಬಾ ಪ್ಯಾರಾಚೂಟ್‌ಗಳಲ್ಲಿ ಸ್ಪೆಕ್ಟ್ರಾ ಅನ್ನೋ ತೆಳ್ಳಗಿನ ಗಟ್ಟಿ ದಾರ ಇರುತ್ತೆ. ಅದರ ಗುಣ ಏನಂದ್ರೆ ಬಿಸಿ ತಗುಲಿದ್ರೆ ಕುಗ್ಗುತ್ತೆ. ಪ್ರತಿ ಸಲ ತೆರೆಯುವಾಗಲೂ ಸ್ಲೈಡರ್ ಉಂಗುರ ದಾರದ ಮೇಲೆ ಉಜ್ಜಿಕೊಂಡು ಇಳಿಯುತ್ತಲ್ಲ, ಆ ಉಜ್ಜಿದ ಬಿಸಿ ಸಾಕು. ಉಂಗುರಕ್ಕೆ ನೇರ ಉಜ್ಜೋ ಹೊರಗಿನ ದಾರಗಳು, ಬ್ರೇಕ್ ದಾರಗಳು ಜಾಸ್ತಿ ಕುಗ್ಗುತ್ತೆ, ಒಳಗಿನವು ಕಮ್ಮಿ. ನೂರಾರು ಜಂಪ್ ಆದ ಮೇಲೆ ರೆಕ್ಕೆಯ ಆಕಾರವೇ ಬದಲಾಗಿರುತ್ತೆ. ಒಂದು ಕಡೆ ತಿರುಗುತ್ತೆ, ಜಗ್ಗುತ್ತೆ, ಲ್ಯಾಂಡಿಂಗ್‌ನಲ್ಲಿ ಸರಿಯಾಗಿ ನಿಲ್ಲಲ್ಲ. ವೆಕ್ಟ್ರಾನ್ ದಾರ ಹೀಗೆ ಕುಗ್ಗಲ್ಲ, ಆದ್ರೆ ಸವೆಯುತ್ತೆ. ನಮ್ಮ ಕಡೆ ಕೆಮ್ಮಣ್ಣಿನ ಧೂಳು ದಾರದ ಎಳೆಗಳೊಳಗೆ ಸೇರಿದ್ರೆ ಉಜ್ಜಾಟ ಇನ್ನೂ ಜಾಸ್ತಿ.

ಹಾಗಾಗಿ ಪ್ಯಾಕರ್ ಮೇಲೆ ರೇಗೋ ಮುಂಚೆ ಟೇಪ್ ತಗೊಂಡು ದಾರ ಅಳೀರಿ. ತಯಾರಕರು ಕೊಟ್ಟ ಅಳತೆ ಪಟ್ಟಿ ಇರುತ್ತೆ, ಪಕ್ಕದಲ್ಲಿಟ್ಟು ಹೋಲಿಸಿ. ಬೇಸಿಗೆಯಲ್ಲಿ ದಿನಕ್ಕೆ ಹತ್ತಾರು ಸಲ ಬಗ್ಗಿ ಎದ್ದು ಮಡಚೋ ಹುಡುಗರ ಮೇಲೆ, ಅಳತೆ ಮಾಡದೆ ತಪ್ಪು ಹಾಕೋದು ನ್ಯಾಯ ಅಲ್ಲ.

ಬಟ್ಟೆ ವಿಷಯಕ್ಕೆ ಬಂದ್ರೆ ನಮ್ಮೂರಿನ ಹೆಸರು ಬಂದೇ ಬರುತ್ತೆ. ಪ್ಯಾರಾಚೂಟ್ ಮೊದಲು ರೇಷ್ಮೆದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟ್‌ಗೋಸ್ಕರ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಏರಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ನೈಲಾನ್ ಬಂತು. 1942ರ ಜೂನ್‌ನಲ್ಲಿ ನೈಲಾನ್ ಪ್ಯಾರಾಚೂಟ್ ಕಟ್ಟಿಕೊಂಡು ಮೊದಲು ಹಾರಿ ತೋರಿಸಿದ್ದು ಅಡಲೀನ್ ಗ್ರೇ. ಪ್ಯಾರಾಚೂಟ್ ಕಂಪನಿಯಲ್ಲಿ ರಿಗ್ಗರ್ ಆಗಿದ್ದ ಹೆಣ್ಣುಮಗಳು. ಈ ಮಾತು ಹೇಳುವಾಗ ನನಗೆ ಹೆಮ್ಮೆ ಅನ್ಸುತ್ತೆ.

ನೈಲಾನ್‌ಗೆ ದೊಡ್ಡ ಶತ್ರು ಬಿಸಿಲು. ನೇರ ಬಿಸಿಲಿನಲ್ಲಿ ಬಿಟ್ರೆ ಬಲ ಕಳ್ಕೊಳ್ಳುತ್ತೆ, ನೋಡೋಕೆ ಮಾತ್ರ ಹೊಸದರ ಥರಾನೇ ಇರುತ್ತೆ. ಮಂಡ್ಯ ಕಡೆ ಗಾಳಿ ಒಯ್ದು ಕಬ್ಬಿನ ಗದ್ದೆಯಲ್ಲೋ ನಾಲೆ ಪಕ್ಕದಲ್ಲೋ ಇಳಿದ್ರೆ, ಒದ್ದೆ ಬಟ್ಟೆ ನೆರಳಲ್ಲಿ ಒಣಗಿಸಿ, ಕಬ್ಬಿನ ಗರಿ ಎಲ್ಲಾದ್ರೂ ಗೀರಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

[ದೃಶ್ಯ: ಮೇಜಿನ ಮೇಲೆ ರಿಸರ್ವ್, ಪಕ್ಕದಲ್ಲಿ ಸಾಲಾಗಿ ಜೋಡಿಸಿದ ಉಪಕರಣಗಳು]

ಈಗ ರಿಸರ್ವ್. ರಿಗ್ಗರ್ ಕೆಲಸ ಶುರು ಮಾಡೋ ಮುಂಚೆ ಉಪಕರಣಗಳನ್ನ ಎಣಿಸಿ ಇಡ್ತಾರೆ, ಮುಗಿದ ಮೇಲೆ ಮತ್ತೆ ಎಣಿಸ್ತಾರೆ. ಮಡಚುವಾಗ ಹಿಡಿತಕ್ಕೆ ಹಾಕೋ ತಾತ್ಕಾಲಿಕ ಪಿನ್ ಒಂದು ಒಳಗೇ ಉಳಿದ್ರೆ ಆ ರಿಸರ್ವ್ ತೆರೆಯೋದೇ ಇಲ್ಲ. ಲೆಕ್ಕ ಒಂದು ಕಮ್ಮಿ ಬಂದ್ರೂ ಪೂರ್ತಿ ಬಿಚ್ಚಿ ಮತ್ತೆ ಶುರು. ಎಲ್ಲಾ ಸರಿ ಇದ್ದಾಗ ಪಿನ್‌ಗೆ ಕೆಂಪು ದಾರ ಕಟ್ಟಿ, ಸೀಸದ ಮುದ್ರೆ ಒತ್ತಿ, ಕಾರ್ಡ್‌ನಲ್ಲಿ ತಾರೀಖು ಬರೆದು ಸಹಿ ಹಾಕ್ತಾರೆ. ಅಮೆರಿಕದ ನಿಯಮದಲ್ಲಿ 180 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಲೇಬೇಕು. 2008ಕ್ಕೆ ಮುಂಚೆ ಅದು 120 ದಿನ ಇತ್ತು. ರಿಸರ್ವ್ ಯಾರ ಜೀವವನ್ನಾದ್ರೂ ಉಳಿಸಿದ್ರೆ, ಮಡಚಿದ ರಿಗ್ಗರ್‌ಗೆ ಅವರು ಒಂದು ಬಾಟಲ್ ತಂದುಕೊಡೋದು ಸ್ಕೈಡೈವರ್‌ಗಳ ಹಳೇ ಪದ್ಧತಿ.

ಮೇನ್ ಕೈಕೊಟ್ರೆ ಅದನ್ನ ಬಿಟ್ಟುಹಾಕಬೇಕಲ್ಲ, ಅದಕ್ಕೆ ಭುಜದ ಹತ್ತಿರ ಮೂರು ಉಂಗುರ ಇದೆ. 1970ರ ದಶಕದಲ್ಲಿ ಬಿಲ್ ಬೂತ್ ಕಂಡುಹಿಡಿದದ್ದು. ಒಂದರೊಳಗೆ ಒಂದು ಉಂಗುರ ಸಿಕ್ಕಿಸಿದಾಗ, ಒಂದೊಂದೂ ಸನ್ನೆಗೋಲಿನ ಕೆಲಸ ಮಾಡಿ ಭಾರ ಇಳಿಸ್ತಾ ಹೋಗುತ್ತೆ. ಮನುಷ್ಯನ ಪೂರ್ತಿ ಭಾರ ತೂಗ್ತಿದ್ರೂ, ಕೊನೆಯ ಬಟ್ಟೆಯ ಕುಣಿಕೆ ಮೇಲೆ ಬೀಳೋದು ಅದರ ಸಣ್ಣ ಪಾಲು. ಬಲಗಡೆಯ ಹಿಡಿ ಎಳೆದ್ರೆ ಕೇಬಲ್ ಜಾರಿ, ಎರಡೂ ಭುಜದಿಂದ ಮೇನ್ ಕಳಚಿಕೊಳ್ಳುತ್ತೆ. ಈ ಹಳದಿ ಕೇಬಲ್‌ಗೆ ಧೂಳು, ಜಿಡ್ಡು ಅಂಟುತ್ತೆ. ಉಂಗುರಗಳನ್ನ ತಿಂಗಳಿಗೊಮ್ಮೆ ಬಿಡಿಸಿ, ಪಟ್ಟಿ ಬಗ್ಗಿಸಿ, ಕೇಬಲ್ ಒರೆಸಬೇಕು. ತುಂಬಾ ಜನ ಇದನ್ನ ಮುಂದಕ್ಕೆ ಹಾಕ್ತಾರೆ. ದಯವಿಟ್ಟು ಹಾಕಬೇಡಿ.

ಮೇನ್ ಕಳಚಿದ ತಕ್ಷಣ ತಾನಾಗೇ ರಿಸರ್ವ್ ಪಿನ್ ಎಳೆಯೋ ಆರ್‌ಎಸ್‌ಎಲ್ ಪಟ್ಟಿ ಬೇಕಾ ಬೇಡ್ವಾ ಅನ್ನೋದು ಇನ್ನೊಂದು ಹಳೇ ವಾದ. ಗಿರಗಿರ ತಿರುಗುವಾಗ ಕಳಚಿದ್ರೆ ರಿಸರ್ವ್ ದಾರವೂ ತಿರುಚಿಕೊಳ್ಳುತ್ತೆ ಅಂತ ಬೇಡ ಅನ್ನೋರು ಹೇಳ್ತಾರೆ. ಅದು ಸುಳ್ಳಲ್ಲ. ಆದ್ರೆ ಕಡಿಮೆ ಎತ್ತರದಲ್ಲಿ ಕಳಚಿ, ರಿಸರ್ವ್ ತೆರೆಯೋ ಎರಡನೇ ಹಿಡಿಗೆ ಕೈ ಹೋಗೋದು ತಡವಾಗಿ ಸತ್ತವರಿದ್ದಾರೆ. ಹೊಸಬರಿಗೆ ಆರ್‌ಎಸ್‌ಎಲ್ ಇರಲೇಬೇಕು ಅಂತಲೇ ನಾನು ಹೇಳೋದು.

ಕೊನೆಗೆ ಎಎಡಿ, ಅಂದ್ರೆ ಪ್ರಜ್ಞೆ ತಪ್ಪಿದ್ರೂ ರಿಸರ್ವ್ ತೆರೆಸೋ ಯಂತ್ರ. ಜರ್ಮನಿಯ ಸೈಪ್ರೆಸ್ 1991ರಿಂದ ಬಳಕೆಯಲ್ಲಿದೆ. ಅನುಭವಿಗಳ ಮಾದರಿಯಲ್ಲಿ, ಸುಮಾರು 750 ಅಡಿಗೆ ಬಂದ್ರೂ ವೇಗ ಸೆಕೆಂಡಿಗೆ 35 ಮೀಟರ್ ಮೀರಿದ್ರೆ, ರಿಸರ್ವ್ ಮುಚ್ಚಿಟ್ಟಿರೋ ಕುಣಿಕೆಯನ್ನ ಕತ್ತರಿಸುತ್ತೆ. ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬೀಳ್ತಿದ್ರೆ ಆ ಎತ್ತರದಿಂದ ನೆಲಕ್ಕೆ ಉಳಿದಿರೋದು ನಾಲ್ಕು ಸೆಕೆಂಡ್ ಚಿಲ್ಲರೆ. ಈ ಯಂತ್ರ ನೆಲ ಎಲ್ಲಿದೆ ಅಂತ ತಿಳ್ಕೊಳ್ಳೋದು ಆನ್ ಮಾಡಿದ ಜಾಗದ ಗಾಳಿಯ ಒತ್ತಡದಿಂದ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು ಸಾವಿರ ಅಡಿ ಎತ್ತರ. ದೇವಿ ದರ್ಶನಕ್ಕೆ ಹೋದಾಗ ಅಲ್ಲೇ ಆನ್ ಮಾಡಿ ಮಂಡಕಳ್ಳಿಗೆ ಬಂದ್ರೆ, ಯಂತ್ರ ಬೆಟ್ಟದ ತುದಿಯನ್ನೇ ನೆಲ ಅಂದ್ಕೊಂಡಿರುತ್ತೆ. ಮೇನ್ ನಿಧಾನವಾಗಿ ತೆರೀತಿರುವಾಗಲೇ ರಿಸರ್ವನ್ನೂ ಬಿಡಬಹುದು, ಎರಡು ಪ್ಯಾರಾಚೂಟ್ ಒಟ್ಟಿಗೆ ಹೊರಗೆ ಬರುತ್ತೆ. ಇನ್ನು ಮೈಸೂರಿಗಿಂತ ತಗ್ಗಿರೋ ಮಂಡ್ಯದ ಮನೆಯಲ್ಲಿ ಆನ್ ಮಾಡಿ ಬಂದ್ರೆ ಉಲ್ಟಾ: ನೂರು, ಇನ್ನೂರು ಅಡಿ ತಡ. ಆ ವೇಗದಲ್ಲಿ ಇನ್ನೂರು ಅಡಿ ಅಂದ್ರೆ ಒಂದು ಸೆಕೆಂಡಿಗೂ ಜಾಸ್ತಿ. ವಿಮಾನ ಏರೋ ಜಾಗದಲ್ಲೇ ಆನ್ ಮಾಡಿ. ಬೇರೆ ಎತ್ತರದಿಂದ ಬಂದಿದ್ರೆ ಆಫ್ ಮಾಡಿ ಮತ್ತೆ ಆನ್ ಮಾಡಿ.

ನೀವು ಟ್ಯಾಂಡಮ್‌ಗೆ ಹೋಗೋರಾದ್ರೆ ಮಡಚೋ ಕೆಲಸ ನಿಮ್ಮದಲ್ಲ. ಆದ್ರೆ ರಿಸರ್ವ್ ಕಾರ್ಡ್ ಎಲ್ಲಿದೆ, ಯಾವ ತಾರೀಖು ಬರೆದಿದೆ, ಎಎಡಿ ಆನ್ ಆಗಿದೆಯಾ ಅಂತ ಕೇಳಬಹುದು. "ಸರ್, ಒಂದ್ಸಲ ತೋರಿಸ್ತೀರಾ?" ಅಂದ್ರೆ ಒಳ್ಳೆ ಇನ್‌ಸ್ಟ್ರಕ್ಟರ್ ಬೆನ್ನು ತಿರುಗಿಸಿ, ಫ್ಲ್ಯಾಪ್ ಎತ್ತಿ ತೋರಿಸ್ತಾರೆ. ಆಮೇಲೆ ನಿಮ್ಮನ್ನ ಅವರಿಗೆ ಕಟ್ಟೋ ನಾಲ್ಕು ಕೊಂಡಿಗಳನ್ನೂ, ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು, ಒಂದೊಂದಾಗಿ ಮುಟ್ಟಿ ತೋರಿಸೋಕೆ ಹೇಳಿ. ಬೇಜಾರು ಮಾಡ್ಕೊಳ್ಳೋರ ಜೊತೆ ಅವತ್ತು ಹಾರಬೇಡಿ, ದುಡ್ಡು ಕೊಟ್ಟಾಗಿದ್ರೂ ಸರಿ.